ನಿಂತು ಬೈಯಬಾರದು

ಗಾಜಿನ ಬಾಗಿಲು ತಳ್ಳಿದ ಕೂಡಲೇ ಕಾಫಿ ಹೊತ್ತಿದ ವಾಸನೆ ಮೂಗಿಗೆ ಬಡಿಯಿತು, ನನಗೆ ಬಹಳ ಸಂತೋಷವಾಯಿತು. ಇದೆಂಥ ಹೆಂಗಸಪ್ಪಾ ಎಂದು ನೀವು ಅಂದುಕೊಂಡರೆ ತಪ್ಪಿಲ್ಲ, ಆದರೆ ಸ್ವಲ್ಪ ತಾಳಿ. ಒಳಗೆ ಮೇಜು ಒರೆಸಿರಲಿಲ್ಲ. ಯಾರೋ ಚೆಲ್ಲಿ ಹೋದ ಸಕ್ಕರೆಗೆ ಇರುವೆ ಮುತ್ತಿದ್ದವು. ಕೌಂಟರಿನ ಹಿಂದೆ ಟೊಪ್ಪಿಗೆ ಹಾಕಿಕೊಂಡು ನಿಂತಿದ್ದ ತರುಣ ಮೊಬೈಲಿನಿಂದ ತಲೆ ಎತ್ತಲಿಲ್ಲ. ಇಂಥದ್ದು ಒಂದೊಂದು ಕಣ್ಣಿಗೆ ಬಿದ್ದಾಗಲೂ ನನ್ನ ಹುರುಪು ಏರುತ್ತ ಹೋಯಿತು. ಗೋಡೆಯ ಮೇಲೆ ದೀಪದ ಬೋರ್ಡಿನಲ್ಲಿ ಬರೆದ ದರಗಳನ್ನು ಓದಿದಾಗ ಮಾತ್ರ ಕ್ಷಣ ತಲೆ ತಿರುಗಿತು. ಕಾಫಿಯ ಎದುರಿಗಿದ್ದ ಅಂಕಿಯನ್ನು ನಾನು ಪುಡಿಯ ಕಿಲೋ ದರ ಎಂದುಕೊಂಡಿದ್ದೆ. ಅದು ಒಂದು ಕಪ್ಪಿನದಂತೆ. ಇದಕ್ಕಿಂತ ಒಳ್ಳೆಯ ಅಂಗಡಿ ನಮಗೆ ಸಿಗುವುದಿಲ್ಲ ಎಂದು ನಾನು ಅತ್ತೆಯವರ ಕೈ ಹಿಡಿದು ಒಳಗೆ ಕರೆತಂದು ಕೂರಿಸಿದೆ.

ಇದು ನಡೆದದ್ದು ಕಳೆದ ಗುರುವಾರ, ಸೋಲಾಪುರದಲ್ಲಿ ಅತ್ತೆಯವರ ಕಣ್ಣು ತೋರಿಸಿಕೊಂಡು ನನ್ನ ಗಂಡನ ಗಾಡಿಯಲ್ಲಿ ಉಮರ್ಗಾಕ್ಕೆ ಮರಳುವಾಗ. ಯೆಣೆಗೂರ ದಾಟಿದ ಮೇಲೆ ಢಾಬಾಗಳ ಸಾಲಿನಲ್ಲಿ ಹೊಸದಾಗಿ ಎದ್ದ ಅಂಗಡಿ ಅದು. ಹೊರಗಿನ ಬೋರ್ಡಿನಲ್ಲಿ ಗುಲಾಬಿ ಬಣ್ಣದ, ನಡುವೆ ತೂತಿರುವ ತಿಂಡಿಯ ಚಿತ್ರ. ಕಾಫಿ ಮತ್ತು ಡೋನಟ್. ನಾನು ಕೆಲಸ ಮಾಡುವ ಪತಸಂಸ್ಥೆಯ, ಅಂದರೆ ಸಾಲ ಕೊಡುವ ಸಹಕಾರ ಸಂಘದ, ಹುಡುಗಿಯರು ಆಸೆಪಟ್ಟು ಅಲ್ಲಿಗೆ ಹೋಗಿ, ಮುಖ ಸಪ್ಪೆ ಮಾಡಿಕೊಂಡು ಬಂದಿದ್ದರು. ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಕೇಳಿದ್ದು ಒಂದು ಕೊಡುವುದು ಇನ್ನೊಂದು, ಮಾತಾಡಿಸಿದರೆ ಮುಖ ಸಿಂಡರಿಸುತ್ತಾರೆ, ಆ ಕಡೆ ತಲೆ ಹಾಕಬೇಡಿ ಅಕ್ಕಾ ಎಂದು ನನಗೆ ಕಳಕಳಿಯಿಂದ ಹೇಳಿದ್ದರು. ಅತ್ತೆಯವರನ್ನು ಅಲ್ಲಿಗೆ ಕರೆದೊಯ್ಯಬೇಕು ಎಂದು ನಾನು ನಿರ್ಧರಿಸಿದ್ದು ಆವತ್ತೇ.

ನನ್ನ ಅತ್ತೆಯವರ ವಿಷಯ ಹೇಳದೆ ಇದು ಅರ್ಥವಾಗುವುದಿಲ್ಲ. ನಮ್ಮದು ಜಂಗಮರ ಮನೆ. ಮಾವನವರು ನಿಲಂಗಾದಲ್ಲಿ ಒಂದು ಚಿಕ್ಕ ಮಠಕ್ಕೆ ಸೇರಿದ ಮನೆಯಲ್ಲಿದ್ದುಕೊಂಡು, ಸುತ್ತಲಿನ ಭಕ್ತರ ಮನೆಗಳಿಗೆ ಮದುವೆ, ತೊಟ್ಟಿಲು, ಹೊಸ ಮನೆಯ ಪೂಜೆ ಎಂದು ಹೋಗಿ ಬರುತ್ತಿದ್ದರು. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ; ದೇವರಿಗೆ ಎರಡೂ ತಿಳಿಯುತ್ತದೆ ಎಂದು ಅವರೂ ಎರಡರಲ್ಲೂ ಪೂಜೆ ಮುಗಿಸುತ್ತಿದ್ದರು. ಹೋದಲ್ಲೆಲ್ಲ ಅತ್ತೆಯವರೂ ಜೊತೆಗೆ. ಅಯ್ಯನವರನ್ನು ಊಟಕ್ಕೆ ಕರೆದರೆ ಅಮ್ಮನವರನ್ನೂ ಕರೆಯುವುದು ಈ ಕಡೆಯ ಪದ್ಧತಿ. ಆ ಊಟಕ್ಕೊಂದು ಕಟ್ಟುನಿಟ್ಟಾದ ರೀತಿಯಿತ್ತು. ಭಕ್ತರು ಬಡಿಸಿದ್ದು ಪ್ರಸಾದ. ಪ್ರಸಾದಕ್ಕೆ ಉಪ್ಪು ಕಡಿಮೆ, ಖಾರ ಹೆಚ್ಚು ಎನ್ನುವಂತಿಲ್ಲ. ತಾಟಿನಲ್ಲಿ ಒಂದಗುಳೂ ಬಿಡುವಂತಿಲ್ಲ. ತಾಟು ತೊಳೆದ ನೀರನ್ನೂ ಕುಡಿಯಬೇಕು. ಕೊನೆಗೆ ಆ ಮನೆಯ ಹೆಂಗಸರ ಕಡೆ ನೋಡಿ, “ಛಲೋ ಆಗೇದ ನಮ್ಮವ್ವ” ಎಂದು ಹೇಳಿ, ಕೈ ಎತ್ತಿ, “ಮನಿ ತುಂಬಿರಲಿ, ಮಕ್ಕಳು ಮರಿ ಚಂದಾಗಿರಲಿ” ಎಂದು ಹರಸಿ ಏಳಬೇಕು.

ಇಷ್ಟನ್ನೂ ಅತ್ತೆಯವರು ಒಂದು ಚೂರೂ ತಪ್ಪಿಲ್ಲದೆ ಮಾಡುತ್ತಿದ್ದರು. ಆದರೆ ಅವರ ನಾಲಿಗೆ ಮಹಾ ಚುರುಕು. ಪಲ್ಯಕ್ಕೆ ಒಗ್ಗರಣೆ ಬೀಳುವಾಗ ಸಾಸಿವೆ ಸಿಡಿದಿತ್ತೋ ಇಲ್ಲವೋ ಎಂಬುದು ಅವರಿಗೆ ಬಾಯಿಗಿಟ್ಟ ಕೂಡಲೇ ತಿಳಿಯುತ್ತಿತ್ತು. ಅಂಥವರು ಊರೂರು ತಿರುಗಿ, ಹೊತ್ತಿದ್ದು, ಹಸಿ ಉಳಿದದ್ದು, ಉಪ್ಪು ಸುರಿದದ್ದು ಎಲ್ಲವನ್ನೂ ಉಂಡು ಛಲೋ ಆಗೇದ ಎಂದು ಹೇಳಿ ಬಂದರೆ, ಹೇಳದೆ ನುಂಗಿದ ಮಾತುಗಳೆಲ್ಲ ಎಲ್ಲಿಗೆ ಹೋಗಬೇಕು ಹೇಳಿ? ಅವು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗುತ್ತಿದ್ದವು.

ನನಗೆ ಇದು ಮೊದಲು ಕಂಡದ್ದು ಉದಗೀರದಲ್ಲಿ. ನಾನಾಗ ಆಳಂದದ ಕಡೆಯಿಂದ ಮದುವೆಯಾಗಿ ಬಂದ ಹೊಸತು. ಭಕ್ತರೊಬ್ಬರ ಹೊಸ ಮನೆಯ ಪೂಜೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆ ಮನೆಯ ಹಿರಿ ಸೊಸೆ ಗಡಿಬಿಡಿಯಲ್ಲಿ ಗೋಧಿ ಹುಗ್ಗಿಯ ತಳ ಹೊತ್ತಿಸಿಬಿಟ್ಟಿದ್ದಳು. ನನಗೆ ಎರಡನೆಯ ತುತ್ತು ಇಳಿಯಲಿಲ್ಲ. ಅತ್ತೆಯವರು ನಗುನಗುತ್ತ ಉಂಡರು. ಬಾಗಿಲ ಹಿಂದೆ ಆ ಸೊಸೆ ಅಳುವ ಮುಖ ಮಾಡಿಕೊಂಡು ನಿಂತದ್ದು ಕಂಡು ಮತ್ತೊಮ್ಮೆ ಹಾಕಿಸಿಕೊಂಡು ಉಂಡರು. “ಛಲೋ ಆಗೇದ ನಮ್ಮವ್ವ” ಎಂದು ಅವಳ ತಲೆಯ ಮೇಲೆ ಕೈ ಇಟ್ಟರು. ಅವಳ ಮುಖ ಅರಳಿದ್ದನ್ನು ನೋಡಿ ನಾನು ನನ್ನ ಅತ್ತೆ ದೇವತೆ ಎಂದೇ ತಿಳಿದೆ. ಆ ತಿಳುವಳಿಕೆ ಬಸ್ ಸ್ಟ್ಯಾಂಡಿನವರೆಗೆ ಬಾಳಿತು.

ಮಾವನವರು ಹೋಟೆಲಿನಲ್ಲಿ ಏನನ್ನೂ ಮುಟ್ಟುತ್ತಿರಲಿಲ್ಲ. ತಮ್ಮ ತಂಬಿಗೆಯ ನೀರು ಕುಡಿದು ಹೊರಗೆ ನಿಂತರು. ಅತ್ತೆಯವರಿಗೆ ಚಹಾ ಬೇಕು, ಹಾಗಾಗಿ ನಾವಿಬ್ಬರೂ ಒಳಗೆ ಹೋಗಿ ಕೂತೆವು. ಚಹಾದ ಜೊತೆ ಬಾಲುಶಾಹಿ ತರಿಸಿದರು. ನಿಮ್ಮ ಕಡೆಗೂ ಸಿಗಬಹುದು, ಮೈದಾ ಹಿಟ್ಟನ್ನು ತುಪ್ಪದಲ್ಲಿ ಕರಿದು ಪಾಕಕ್ಕೆ ಹಾಕಿದ ದುಂಡನೆಯ ಸಿಹಿ, ನಡುವೆ ಹೆಬ್ಬೆರಳಿನಿಂದ ಒತ್ತಿದ ಗುಂಡಿ. ಅತ್ತೆಯವರು ಕಚ್ಚಿದರು. ಅದು ಮುರಿಯಲಿಲ್ಲ. ಅವರು ಅದನ್ನು ಬಶಿಯಲ್ಲಿಟ್ಟು ಮಾಲೀಕನನ್ನು ಕರೆದರು.

“ಹೆಸರೇನಪಾ ನಿಂದು?”

“ಬಾಬುರಾವ್, ಅಮ್ಮಾ.”

“ಬಾಬುರಾವ್, ಇಲ್ಲಿ ಕೂಡು.” ಅವನು ಯಾಕೆಂದು ಕೇಳದೆ ಎದುರಿಗೆ ಕೂತ. “ಮನ್ಯಾಗ ಹಿರೇರು ಯಾರಿದ್ದಾರ?”

“ತಾಯಿ ಇದ್ದಾಳ್ರೀ.”

“ಹಲ್ಲು ಗಟ್ಟಿ ಅವೇನು ಆಕಿಗಿ?”

“ಎಲ್ಲೀ ಹಲ್ಲು ಅಮ್ಮಾ, ವಯಸ್ಸಾಗ್ಯಾದ.”

“ಹಂಗಾರ ಇದೊಂದು ಆಕಿ ಬಾಯಾಗ ಇಡು. ಸಂಜೀತನಾ ಚೀಪಕೋತ ಕೂಡ್ತಾಳ, ನಿನಗ ಬೈಲಿಕ್ಕ ಆಕಿಗಿ ಪುರಸತ್ತೇ ಸಿಗಂಗಿಲ್ಲ.”

ಬಾಬುರಾವ್ ಮೊದಲು ಕೆಂಪಾದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ನಿನ್ನೆಯದಲ್ಲ, ಮೊನ್ನೆಯದು ಎಂದು ತಾನೇ ಒಪ್ಪಿಕೊಂಡು, ಆಗಷ್ಟೇ ಪಾಕದಿಂದ ತೆಗೆದದ್ದನ್ನು ತಂದಿಟ್ಟ. ಅತ್ತೆಯವರು ಅದನ್ನು ಪೂರ್ತಿ ತಿಂದು, ಚಹಾ ಕುಡಿದು, ರೊಕ್ಕ ಕೊಟ್ಟು ಹೊರಗೆ ಬಂದರು. ಹೊತ್ತಿದ ಹುಗ್ಗಿಯ ಸಿಟ್ಟು ಪೂರಾ ಇಳಿದಿತ್ತು. ಹೊರಗೆ ನಿಂತಿದ್ದ ಮಾವನವರು ಬಸ್ಸಿನ ಬೋರ್ಡು ಓದುವವರ ಹಾಗೆ ನಟಿಸುತ್ತಿದ್ದರು. “ಪೂಜಾ ಮುಗೀತೇನು?” ಎಂದು ಕೇಳಿದರು.

ಬಸ್ಸಿನಲ್ಲಿ ನಾನು ಧೈರ್ಯ ಮಾಡಿ ಕೇಳಿದೆ. “ಅತ್ತೀ, ಅಲ್ಲಿ ಹುಗ್ಗಿ ಹೊತ್ತಿತ್ತಲ್ಲರೀ?”

“ತಳಾ ಪೂರಾ ಕರ್ರಗಾಗಿತ್ತು.”

“ಮತ್ತ ಛಲೋ ಆಗೇದ ಅಂದ್ರಿ?”

“ಮಂದಿ ಮನ್ಯಾಗ ಹಂಗೇ ಅನ್ನಬೇಕು ಪೋರಿ. ಅಲ್ಲಿ ನಾವು ಉಂಡು ಎದ್ದು ಹೋಗೋರು. ತಪ್ಪು ತೆಗೀಲಿಕ್ಕ ಸಲಿಗಿ ಬೇಕು.”

“ಹೋಟೆಲಿನವನ ಸಂಗಟ ಎಲ್ಲೀ ಸಲಿಗಿರೀ?”

“ಅದಕ್ಕೇ ಹೆಸರು ಕೇಳೋದು, ಮನೀ ಸುದ್ದಿ ಕೇಳೋದು. ಜರಾ ಕೂತರ ಸಲಿಗಿ ತಾನೇ ಬರ್ತದ” ಎಂದು ಹೇಳಿ ಅವರು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದರು.

ಪತಸಂಸ್ಥೆಯ ಕೌಂಟರಿನ ಹಿಂದೆ ಕೂತು ದಿನವಿಡೀ ಬೈಸಿಕೊಳ್ಳುವ ನನಗೆ ಬೈಗುಳದ ಜಾತಿಗಳೆಲ್ಲ ಗೊತ್ತು. ಪಾಸ್‌ಬುಕ್ ಎಸೆದು ಬೈಯುವವರು, ಅಧ್ಯಕ್ಷರ ಹೆಸರು ಹೇಳಿ ಬೈಯುವವರು, ಇಂಗ್ಲಿಷಿನಲ್ಲಿ ಬೈಯುವವರು. ಅತ್ತೆಯವರ ಜಾತಿಯವರನ್ನು ನಾನು ಬೇರೆ ಕಂಡಿಲ್ಲ. ಬೆಲೆಯ ಮಾತನ್ನು ಅವರು ಎಂದೂ ಎತ್ತುತ್ತಿರಲಿಲ್ಲ. ದನಿ ಏರಿಸುತ್ತಿರಲಿಲ್ಲ. ಬೈಸಿಕೊಂಡವನು ಬೀಳ್ಕೊಡಲು ಬಾಗಿಲವರೆಗೆ ಬರುತ್ತಿದ್ದ. ನಾನಾದರೋ ಹುಟ್ಟಾ ಪುಕ್ಕಲಿ. ಚಹಾದಲ್ಲಿ ನೊಣ ಬಿದ್ದರೂ ನೊಣಕ್ಕೆ ಬೇಸರವಾಗಬಾರದೆಂದು ಸುಮ್ಮನಿರುವವಳು.

ಒಮ್ಮೆ ಮಾತ್ರ ನನಗೂ ಉಮೇದು ಬಂದಿತ್ತು. ನಿಲಂಗಾ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕಲಗಚ್ಚಿನಂಥ ಚಹಾ ಕೊಟ್ಟಾಗ ನಾನು ಅತ್ತೆಯವರ ಮುಂದೆ ಶೂರಳೆನಿಸಿಕೊಳ್ಳಲು ಎದ್ದು ನಿಂತು, ಇನ್ನು ಮೇಲೆ ಇಲ್ಲಿಗೆ ಬರುವುದೇ ಇಲ್ಲ ನಡೀರಿ ಎಂದೆ. ಅವರು ನನ್ನ ಸೆರಗು ಹಿಡಿದು ಕೆಳಗೆ ಜಗ್ಗಿದರು.

“ಕೂಡು. ನಿಂತು ಬೈಬಾರದು. ನಿಂತಾಕಿ ಹೊಂಟಾಳ ಅಂತ ಅಂವಗ ಗೊತ್ತಾಗ್ತದ, ಹೊಂಟವರ ಮಾತು ಯಾರು ಕೇಳ್ತಾರ? ಮತ್ತ ಬರೋ ಮನಸ್ಸಿಲ್ಲಂದ್ರ ಬೈಯೋದರೇ ಯಾಕ, ಸುಮ್ಮ ಬಾಯಿ ನೋಯಿಸ್ಕೊಳ್ಳೋದು?”

ಆ ಅಂಗಡಿಯ ಶಿವಾಜಿರಾವ್ ಆವತ್ತು ಎರಡು ಸಲ ಚಹಾ ಮಾಡಬೇಕಾಯಿತು. ಆಮೇಲೆ ಅತ್ತೆಯವರು ಅವನ ಅಂಗಡಿಯ ಕಾಯಂ ಗಿರಾಕಿಯಾದರು. ಅತ್ತೆಯವರು ದೂರದಿಂದ ಬರುವುದು ಕಂಡರೆ ಅವನು ಪಾತ್ರೆಯಲ್ಲಿದ್ದ ಹಳೆಯ ಚಹಾ ಚೆಲ್ಲಿ ಹೊಸದಕ್ಕೆ ಶುಂಠಿ ಜಜ್ಜುತ್ತಿದ್ದ. ಆ ಹೊತ್ತಿಗೆ ಅಲ್ಲಿದ್ದ ಬೇರೆ ಗಿರಾಕಿಗಳಿಗೂ ಒಳ್ಳೆಯ ಚಹಾ ಸಿಗುತ್ತಿತ್ತು.

ಮನೆಯಲ್ಲಿ ನನಗೂ ಸಾಕಷ್ಟು ಬೈಗುಳ ಸಿಕ್ಕಿದೆ. ಇವರಿಗೆ, ಅಂದರೆ ನನ್ನ ಗಂಡನಿಗೆ, ಉಮರ್ಗಾದ ಶಾಲೆಯಲ್ಲಿ ಕೆಲಸವಾದ್ದರಿಂದ ನಾವಿಬ್ಬರೂ ಮೊದಲಿನಿಂದ ಇಲ್ಲೇ. ಅತ್ತೆ ಮಾವ ತಿಂಗಳಿಗೊಮ್ಮೆ ಬರುತ್ತಿದ್ದರು. ಅತ್ತೆಯವರ ತನಿಖೆ ಹೊಸ್ತಿಲಿನಿಂದಲೇ ಶುರು. ರಂಗೋಲಿ ಸೊಟ್ಟಗಿದೆ, ಕೊತ್ತಂಬರಿಯನ್ನು ದನಕ್ಕೆ ಹೆಚ್ಚಿದ ಹಾಗೆ ಹೆಚ್ಚಿದ್ದೀ, ರೊಟ್ಟಿಯ ಅಂಚು ಹಸಿಯಿದೆ. ಅವರು ಹೋದ ಮೇಲೆ ನಾನು ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದೆ. ಆದರೂ ಬೈಸಿಕೊಂಡು ಬೈಸಿಕೊಂಡೇ ನನ್ನ ಜೋಳದ ರೊಟ್ಟಿ ದುಂಡಗಾಯಿತು, ತೆಳ್ಳಗಾಯಿತು, ಉಬ್ಬಲು ಕಲಿಯಿತು. ಈಗ ಈ ಓಣಿಯಲ್ಲಿ ನನ್ನ ರೊಟ್ಟಿಗೆ ಹೆಸರಿದೆ.

ಮಾವನವರು ಹೋದ ವರ್ಷ ತೀರಿಕೊಂಡರು. ಊಟ ಮುಗಿಸಿ ಮಲಗಿದವರು ಏಳಲಿಲ್ಲ. ದುಃಖದ ಆ ಮನೆಗೆ ಶಿವಾಜಿರಾವ್ ಕೆಟಲಿನಲ್ಲಿ ಚಹಾ ತಂದ. ತಾನೇ ಬಗ್ಗಿಸಿ ಅತ್ತೆಯವರ ಕೈಗೆ ಕೊಟ್ಟ. ಗಾಬರಿಯಲ್ಲಿ ಸಕ್ಕರೆಯನ್ನೇ ಹಾಕಿರಲಿಲ್ಲ ಅವನು. ಅತ್ತೆಯವರು ಗುಟುಕರಿಸಿ, “ಛಲೋ ಅದಪಾ” ಎಂದರು. ಅವನು ನಮ್ಮವರನ್ನು ಹೊರಗೆ ಕರೆದು, “ಸ್ವಾಮೀ, ಅಮ್ಮಾ ಛಲೋ ಅದ ಅಂದ್ರು, ಜರಾ ನೋಡ್ಕೋರಿ” ಎಂದು ಕಣ್ಣು ಒರೆಸಿಕೊಂಡ. ದುಃಖದಲ್ಲಿರುವವರು ರುಚಿ ಎಲ್ಲಿ ನೋಡುತ್ತಾರೆ ಎಂದು ನಾವು ಅದನ್ನು ಅಲ್ಲಿಗೇ ಬಿಟ್ಟೆವು.

ನಿಲಂಗಾದ ಮನೆ ಮಠದ್ದು, ಹೊಸದಾಗಿ ಬಂದ ಅಯ್ಯನವರಿಗೆ ಅದನ್ನು ಬಿಟ್ಟುಕೊಡಬೇಕಿತ್ತು. ಅತ್ತೆಯವರು ಒಂದು ಟ್ರಂಕು, ಮಾವನವರ ತಂಬಿಗೆ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಅಂದು ನಾನು ಬೈಗುಳಕ್ಕೆ ಮೈಯನ್ನೆಲ್ಲ ಸಿದ್ಧ ಮಾಡಿಕೊಂಡಿದ್ದೆ. ಅವರು ಹೊಸ್ತಿಲು ದಾಟಿ, ಸುತ್ತ ನೋಡಿ, “ನಿಮ್ಮ ಮನ್ಯಾಗ ಗಾಳಿ ಛಲೋ ಬರ್ತದ” ಎಂದರು. ಊಟಕ್ಕೆ ಕೂತು, “ಬ್ಯಾಳಿ ಛಲೋ ಆಗೇದ ನಮ್ಮವ್ವ” ಎಂದರು. ಮರುದಿನ ರೊಟ್ಟಿ ಛಲೋ, ಅದರ ಮರುದಿನ ಹಾಸಿಗೆ ಛಲೋ. ನಾನು ಕುಣಿಯುವುದೊಂದು ಬಾಕಿ. ನಾವೆಲ್ಲ ಕಾಕು ಎಂದು ಕರೆಯುವ ಪಕ್ಕದ ಮನೆಯ ಹಿರಿಯ ಹೆಂಗಸು ಬಂದು, ಪುಣ್ಯವಂತೆ ಕಣೇ ನೀನು, ಸೊಸೆಯನ್ನು ಇಷ್ಟು ಹೊಗಳುವ ಅತ್ತೆ ಎಲ್ಲಿ ಸಿಗುತ್ತಾರೆ ಎಂದರು. “ಅವ್ವಾ ಭಾಳ ಮೆತ್ತಗಾಗ್ಯಾಳ” ಎಂದು ಇವರೂ ಖುಷಿಪಟ್ಟರು.

ನನಗೆ ತಿಳಿದದ್ದು ಒಂದು ಮಧ್ಯಾಹ್ನ. ನಾವು ಮೂವರೂ ಊಟಕ್ಕೆ ಕೂತಿದ್ದೆವು. ಅತ್ತೆಯವರು ತಾಟು ತೊಳೆದು ನೀರು ಕುಡಿದರು, ಅದು ಅವರು ಎಲ್ಲೇ ಇದ್ದರೂ ಮಾಡುವುದೇ. ಆಮೇಲೆ ನನ್ನ ಕಡೆ ತಿರುಗಿದರು. ಕೈ ಎತ್ತಿದರು. “ಮನಿ ತುಂಬಿರಲಿ, ಮಕ್ಕಳು ಮರಿ ಚಂದಾಗಿರಲಿ” ಎಂದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇವರೂ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಾಯಿಯ ಮುಖವನ್ನೇ ನೋಡಿದರು. ಅತ್ತೆಯವರಿಗೆ ಅದೇನೂ ಗೊತ್ತಾಗಲಿಲ್ಲ. ಮೆಲ್ಲಗೆ ಎದ್ದು ಹೋಗಿ ತಮ್ಮ ಟ್ರಂಕಿನ ಪಕ್ಕ ಕೂತರು.

ನಮ್ಮ ಮನೆಯಲ್ಲಿ ಅವರು ಭಕ್ತರ ಮನೆಗೆ ಬಂದ ಹಾಗೆ ಇದ್ದರು. ಗಂಡ ಹೋದ, ಮನೆ ಹೋಯಿತು, ಇನ್ನು ಮಗನ ಮನೆಯಲ್ಲಿ ಬಡಿಸಿದ್ದನ್ನು ಉಂಡು ಹರಸಿ ಕೂರುವುದು ಎಂದು ಅವರ ಮನಸ್ಸು ಯಾವಾಗಲೋ ತೀರ್ಮಾನ ಮಾಡಿಬಿಟ್ಟಿತ್ತು. ನನ್ನನ್ನು ಪೋರಿ ಎಂದು ಕರೆಯುವುದನ್ನೂ ಅವರು ನಿಲ್ಲಿಸಿದ್ದಾರೆ ಎಂಬುದು ನನಗೆ ಆಗ ಹೊಳೆಯಿತು. ನನಗೆ ಬಂದ ಅಳು ಅಷ್ಟಿಷ್ಟಲ್ಲ. ಇಷ್ಟು ವರ್ಷ ಬೈಸಿಕೊಂಡು ಅತ್ತವಳು, ಈಗ ಹೊಗಳಿಸಿಕೊಂಡು ಒಲೆಯ ಮುಂದೆ ಕೂತು ಅತ್ತೆ.

ಇದು ನಿಮ್ಮ ಮನೆಯೇ ಅತ್ತೀ ಎಂದು ಬಾಯಿಬಿಟ್ಟು ಹೇಳಿದೆ. “ಹೌದವ್ವಾ, ನಿಮ್ಮದು ದೊಡ್ಡ ಮನಸು” ಎಂದರು. ಇವರು ಹೇಳಿ ನೋಡಿದರು, ಮಗನಿಗೂ ಅದೇ ಉತ್ತರ. ಕೊನೆಗೆ ನಾನು ಹಟಕ್ಕೆ ಬಿದ್ದು ಬೇಳೆಗೆ ಎರಡು ಸಲ ಉಪ್ಪು ಹಾಕಿದೆ. ನಾಲಿಗೆಯ ಮೇಲೆ ಇಡಲಾಗದ ಆ ಬೇಳೆಯನ್ನು ಅತ್ತೆಯವರು ಅನ್ನಕ್ಕೆ ಕಲಸಿ, ಕಣ್ಣು ಮಿಟುಕಿಸದೆ ಉಂಡು, ಛಲೋ ಆಗೇದ ಎಂದರು. ಇವರು ಆ ದಿನ ಕೊಡಗಟ್ಟಲೆ ನೀರು ಕುಡಿದರು. “ಮನ್ಯಾಗ ಆಗಂಗಿಲ್ಲ. ಅವ್ವಗ ಎಲ್ಲ್ಯಾರ ಹೊರಗ ಕೆಟ್ಟ ಚಾ ಕುಡಿಸಬೇಕು” ಎಂದು ಕಡೆಗೆ ಅವರೇ ಹೇಳಿದರು.

ಈಗ ತಿಳಿಯಿತಲ್ಲ, ಹೊತ್ತಿದ ವಾಸನೆಗೆ ನಾನು ಯಾಕೆ ಹಿಗ್ಗಿದೆ ಎಂದು.

ಆ ಅಂಗಡಿ ನಮಗೆ ಒಂದಿಷ್ಟೂ ಮೋಸ ಮಾಡಲಿಲ್ಲ. ಕೌಂಟರಿಗೆ ಹೋಗಿ ಕುಡಿಯಲು ನೀರು ಕೇಳಿದೆ. “ಪಾಣಿ ವಿಕತ ಆಹೆ” ಎಂದ ತರುಣ, ಅಂದರೆ ನೀರೂ ಬೆಲೆಗೆ. ಬಾಟಲಿಯ ಬೆಲೆ ಕೇಳಿ ನನ್ನ ದಾಹ ಹೋಯಿತು. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳಲು ಇನ್ನೊಂದು ಖಾಲಿ ಕಪ್ಪು ಕೇಳಿದೆ. ಅದಕ್ಕೂ ಬೇರೆ ಬೆಲೆಯಂತೆ. ನಮ್ಮ ಕಡೆ ಒಂದು ಚಹಾ ತರಿಸಿ ಬಶಿಗೊಬ್ಬರು ಕಪ್ಪಿಗೊಬ್ಬರು ಆಗುವುದು ಮರ್ಯಾದಸ್ಥರ ಪದ್ಧತಿ, ಅದನ್ನು ಅವನಿಗೆ ಹೇಳುವ ಧೈರ್ಯವಾಗಲಿಲ್ಲ. ಬಿಸಿ ಕಾಫಿ, ಚಾಕೊಲೇಟ್ ಬಳಿದ ಡೋನಟ್ ಹೇಳಿದೆ. ಬಹಳ ಹೊತ್ತಾದ ಮೇಲೆ ಅವನು ನಂಬರು ಕೂಗಿದ. ನಾವೇ ಹೋಗಿ ತರಬೇಕು. ತಂದು ನೋಡಿದರೆ ಕಾಫಿ ಉಗುರುಬೆಚ್ಚಗಿತ್ತು, ಡೋನಟ್ಟಿಗೆ ಬಳಿದದ್ದು ಚಾಕೊಲೇಟ್ ಅಲ್ಲ, ಬೇರೆ ಏನೋ ಗುಲಾಬಿ ಬಣ್ಣ. ಫ್ರಿಜ್ಜಿನಿಂದ ತೆಗೆದದ್ದು ಕಲ್ಲಾಗಿತ್ತು. ಬದಲಿಸಿ ಕೊಡಪ್ಪಾ ಎಂದರೆ, “ಬಿಲ್ ಝಾಲಂ ಮ್ಯಾಡಮ್, ಆತಾ ನಾಹೀ”, ಬಿಲ್ಲಾಯಿತು, ಇನ್ನು ಆಗದು ಎಂದು ಮತ್ತೆ ಮೊಬೈಲಿಗೆ ತಲೆ ಬಗ್ಗಿಸಿದ.

ನಾನು ಆ ತಟ್ಟೆಯನ್ನು ದೇವರ ಮುಂದೆ ನೈವೇದ್ಯ ಇಡುವ ಹಾಗೆ ಅತ್ತೆಯವರ ಮುಂದಿಟ್ಟೆ. ಇವರು ಆಗಲೇ ಗಾಡಿಗೆ ಬೀಗ ಹಾಕಿ ಬಂದು ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಅತ್ತೆಯವರು ಡೋನಟ್ಟನ್ನು ಎತ್ತಿ ಅತ್ತಿತ್ತ ತಿರುಗಿಸಿದರು. ತೂತಿನ ಕಡೆ ನೋಡಿದರು. ಇದರ ನಡುವಿಂದು ಯಾರು ತಿಂದ್ರು ಎಂದು ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಕಾದೆ. ಅವರು ಕಚ್ಚಿದರು. ಕಷ್ಟಪಟ್ಟು ಅಗಿದರು. ಕಾಫಿ ಗುಟುಕರಿಸಿದರು.

“ಛಲೋ ಅದ ನಮ್ಮವ್ವ” ಎಂದರು. ಅಷ್ಟೇ ಅಲ್ಲ, ಕೌಂಟರಿನ ಕಡೆ ತಿರುಗಿ, ಹರಸಲು ಕೈಯನ್ನೂ ಎತ್ತತೊಡಗಿದರು.

ನನಗೆ ಏನಾಯಿತೋ ಗೊತ್ತಿಲ್ಲ. ಎದ್ದವಳೇ ಕೌಂಟರಿಗೆ ಹೋಗಿ, ಅದನ್ನು ಎರಡೂ ಕೈಯಿಂದ ಬಡಿದೆ. ಕನ್ನಡವೋ ಮರಾಠಿಯೋ, ಬಾಯಿಗೆ ಬಂದ ಭಾಷೆಯಲ್ಲಿ ಕೂಗಿದೆ. ಇದೇನು ಕಾಫಿಯೋ ಕಲಗಚ್ಚೋ, ಇದಕ್ಕೆ ಇಷ್ಟು ಬೆಲೆಯೋ, ವಯಸ್ಸಾದವರಿಗೆ ಒಂದು ಲೋಟ ನೀರು ಕೊಡಲಾರದವರು ಅಂಗಡಿ ಯಾಕೆ ಇಟ್ಟಿದ್ದೀರಿ, ನಿಮಗೆ ಹಿಡಿ ಶಾಪ ಹಾಕುತ್ತೇನೆ, ನಾವು ಸಾಯುವವರೆಗೂ ಈ ಮೆಟ್ಟಿಲು ಹತ್ತುವುದಿಲ್ಲ! ಹೇಳುತ್ತ ಹೇಳುತ್ತ ಅಳು ಬಂತು. ಹುಟ್ಟಿ ಬುದ್ಧಿ ಬಂದ ಮೇಲೆ ನಾನು ಹೊರಗಿನವರ ಮೇಲೆ ಕೂಗಾಡಿದ್ದು ಅದೇ ಮೊದಲು. ಆ ತರುಣ ಮೊಬೈಲನ್ನು ಕೆಳಗಿಟ್ಟ. ಕಾಫಿಗಾಗಿ ಇಷ್ಟು ಅಳುವವರನ್ನು ಅವನು ಕಂಡಿರಲಿಲ್ಲವೆಂದು ಕಾಣುತ್ತದೆ.

“ಏ ಪೋರಿ!”

ಹಿಂದಿನಿಂದ ಬಂತು ಆ ದನಿ. ನಾನು ತಿರುಗಲಿಲ್ಲ. ತಿರುಗಿದರೆ ಅದು ಸುಳ್ಳಾದೀತೆಂದು ಭಯ.

“ಏ ಪೋರಿ, ನಿನಗೇ ಅನ್ಲಿಕತ್ತೀನಿ. ನಿಂತು ಬೈತಾರೇನು? ಇಷ್ಟು ವರ್ಷ ನನ್ನ ಸಂಗಟ ತಿರುಗಿ ಇದೇ ಕಲ್ತೀ? ಬಾ ಇಲ್ಲಿ, ಕೂಡು.”

ನಾನು ಹೋಗಿ ಕೂತೆ. ಅತ್ತೆಯವರ ಮುಖ ಕೆಂಪಾಗಿತ್ತು. ಹರಸಲು ಎತ್ತಿದ್ದ ಕೈ ಈಗ ಮೇಜಿನ ಮೇಲೆ ಬೆರಳು ಬಡಿಯುತ್ತಿತ್ತು.

“ಅಂವನ ಹೆಸರು ಕೇಳಿದಿ?”

“ಇಲ್ರೀ ಅತ್ತೀ.”

“ಮನೀ ಸುದ್ದಿ ಕೇಳಿದಿ?”

“ಇಲ್ರೀ.”

“ಮ್ಯಾಲ ಶಾಪ ಬ್ಯಾರೆ ಹಾಕ್ತಾಳಂತ! ಮತ್ತ ಬರಂಗಿಲ್ಲ ಅಂತ ಬ್ಯಾರೆ! ಏನು ಬೈಗುಳ ಅದು, ಉಪ್ಪಿಲ್ಲ, ಖಾರಿಲ್ಲ. ನಮ್ಮನಿ ಮಾನಾ ಕಳದಿ. ಸುಮ್ಮ ನೋಡು ಈಗ.” ಅವರು ಕೌಂಟರಿನ ಕಡೆ ತಿರುಗಿ ಮರಾಠಿಯಲ್ಲಿ ಕರೆದರು. “ಬಾಳಾ, ಇಕಡೆ ಯೇ.”

ಅವನು ಬಂದ. ಹೆಸರು ವಿಕಾಸ ಎಂದ, ಊರು ಸಾಸ್ತೂರ. ನಮ್ಮ ಮಾತು ಕೇಳಿದ್ದವನು ತಾನೇ ಕನ್ನಡಕ್ಕೆ ಹೊರಳಿದ, ತಾಯಿ ಕಲಬುರಗಿ ಕಡೆಯವಳಂತೆ. ಅತ್ತೆಯವರು ಸಾಸ್ತೂರದಲ್ಲಿ ಯಾರ ಮನೆ, ಹೊಲ ಎಲ್ಲಿ, ತಾಯಿಗೆ ಮೊಣಕಾಲು ನೋವು ಯಾವಾಗಿನಿಂದ ಎಂದು ವಿಚಾರಿಸಿದರು. ಅಷ್ಟರಲ್ಲಿ ಅವನು ಟೊಪ್ಪಿಗೆ ತೆಗೆದು ಎದುರಿನ ಕುರ್ಚಿಯ ತುದಿಗೆ ಕೂತಿದ್ದ. ನಮ್ಮವರು ಸದ್ದಿಲ್ಲದೆ ಎದ್ದು ಹೊರಗೆ ಹೋಗಿ, ಏನೂ ಆಗದ ಗಾಡಿಯ ಟಾಯರನ್ನು ಬಗ್ಗಿ ನೋಡುತ್ತ ನಿಂತರು.

“ಈ ಕಾಫಿ ನೀ ಕುಡದೀ ಏನು ವಿಕಾಸಾ?”

“ಇಲ್ಲ ಆಜೀ. ನಾ ಮನೀಂದ ಚಾ ತರ್ತೀನಿ.”

“ಶಾಣ್ಯಾ ಇದ್ದೀ. ಆದ್ರ ಮಂದಿಗಿ ಕೊಡೋದು ಒಮ್ಮೆರೇ ಕುಡದು ನೋಡು, ಆಮ್ಯಾಲ ಮಾಲಕಗ ಹೇಳು, ಹೊತ್ತ್ಯಾದ ಅಂತ.” ಅವರು ಡೋನಟ್ಟನ್ನು ಎತ್ತಿ ಹಿಡಿದರು. “ಮತ್ತ ಇದು. ಉದಗೀರದ ಬಾಬುರಾವ್ ಬಾಲುಶಾಹಿಗಿ ಬರೀ ಹೆಬ್ಬಟ್ಟು ಒತ್ತಿ ಬಿಡ್ತಿದ್ದ. ನಿಮ್ಮ ಮಾಲಕ ಆರಪಾರ ತೂರಿಸ್ಯಾನ, ಆದ್ರ ರುಚಿ ಆ ತೂತಿನಾಗೇ ಬಿದ್ದು ಹೋಗ್ಯಾದ ನೋಡು.”

ವಿಕಾಸ ನಗು ತಡೆಯಲಾರದೆ ಕೈಯಿಂದ ಬಾಯಿ ಮುಚ್ಚಿಕೊಂಡ. ಅತ್ತೆಯವರು ನಗಲಿಲ್ಲ.

“ರೇಟು ಮಾಲಕಂದು, ಅದಕ್ಕ ನಾ ನಿನಗ ಏನೂ ಅನ್ನಂಗಿಲ್ಲ. ನೀರು ನಿಂದು. ಬಿಸಲಾಗ ಬಂದವರಿಗಿ ಮದಲು ನೀರು ಕೊಡು. ನಿಮ್ಮವ್ವ ನಿನಗ ಇದು ಕಲಿಸಿಲ್ಲೇನು?”

ಅವನು ತಲೆ ತಗ್ಗಿಸಿ ಎದ್ದು ಹೋದ. ಮನೆಯಿಂದ ತಂದ ತನ್ನ ಬಾಟಲಿಯ ನೀರನ್ನು ಎರಡು ಕಾಗದದ ಕಪ್ಪಿಗೆ ಬಗ್ಗಿಸಿ ತಂದಿಟ್ಟ. ಅತ್ತೆಯವರು ಗಟಗಟ ಕುಡಿದರು. ಏಳುವಾಗ, “ಬರೋ ಗುರುವಾರ ಮತ್ತ ಬರ್ತೀವಿ. ಈ ಮೇಜು ಒರಸು” ಎಂದರು. ಅವನು ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಟಾಯರಿನ ಮುಂದಿನಿಂದ ಎದ್ದ ಇವರು, ಅವರಪ್ಪನ ದನಿಯಲ್ಲೇ, “ಪೂಜಾ ಮುಗೀತೇನು?” ಎಂದು ಕೇಳಿದರು. ಅತ್ತೆಯವರು ಮಗನ ಮುಖವನ್ನು ಬಹಳ ಹೊತ್ತು ನೋಡಿದರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕಣ್ಣಿಗೆ ಡಾಕ್ಟರು ಹನಿಸಿದ ಔಷಧ ಇನ್ನೂ ಉರಿಯುತ್ತಿದೆ ಎಂದರು.

ಅಲ್ಲಿಂದ ಉಮರ್ಗಾ ದೂರವಲ್ಲ, ಆದರೆ ಅಷ್ಟರಲ್ಲೇ ಅವರು ನಮ್ಮ ಮನೆಗೆ ಬಂದಾಗಿನಿಂದ ಹಿಡಿದಿಟ್ಟದ್ದನ್ನೆಲ್ಲ ಬಿಚ್ಚಿದರು. “ಆವತ್ತು ಬ್ಯಾಳ್ಯಾಗ ಉಪ್ಪು ಸುರದಿದ್ದೆಲ್ಲ, ನಾಲಿಗಿ ಸುಟ್ಟಂಗ ಆಗಿತ್ತು. ದಿಂಬು ಕಲ್ಲು ಅದ, ಕುತ್ತಿಗಿ ಹಿಡದದ. ಚಾದಾಗ ಶುಂಠಿ ಬರೀ ತೋರಿಸಿ ತೆಗೀತಿ ಏನು? ಮತ್ತ ಪಕ್ಕದ ಮನಿ ಕಾಕು ಭಾಳ ಮಾತಾಡ್ತಾಳ.” ಒಂದನ್ನೂ ಅವರು ಮರೆತಿರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತು ಹೂಂ ರೀ, ಹೂಂ ರೀ ಎನ್ನುತ್ತ ಅಳುತ್ತಿದ್ದೆ, ನಗುತ್ತಲೂ ಇದ್ದೆ. ಇವರು ಬೇಕೆಂದೇ ಗಾಡಿಯನ್ನು ನಿಧಾನ ಓಡಿಸಿದರು.

ಮನೆ ಬಂತು. ನಾನು ಬೀಗ ತೆಗೆದು ಬಾಗಿಲು ತಳ್ಳಿದೆ, ಅದು ಎಂದಿನಂತೆ ಕಿರ್ರೆಂದಿತು. ಅತ್ತೆಯವರು ಹೊಸ್ತಿಲಲ್ಲೇ ನಿಂತರು.

“ನಮ್ಮನಿ ಬಾಗಲ ಯಾಕ ಹಿಂಗ ಒದರ್ತದ? ಒಂದು ಹನಿ ಎಣ್ಣಿ ಹಾಕಬಾರದೇನು?”

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಹಾಕುತ್ತೇನೆ ರೀ ಅತ್ತೀ ಎಂದೆ.

ಇಂದು ಮತ್ತೆ ಗುರುವಾರ. ಯೆಣೆಗೂರದ ಕಡೆ ಹೊರಡಲು ಅತ್ತೆಯವರು ಆಗಲೇ ಸೀರೆ ಉಟ್ಟು ಪಡಸಾಲೆಯಲ್ಲಿ ಕೂತಿದ್ದಾರೆ. ವಿಕಾಸನ ತಾಯಿಯ ಮೊಣಕಾಲಿಗೆ ಹಚ್ಚಲು ಒಂದು ಎಣ್ಣೆಯ ಶೀಶೆಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಇದನ್ನು ಬರೆಯುತ್ತ ಕೂತು ನಾನು ತಡ ಮಾಡುತ್ತಿದ್ದೇನೆಂದು ಅಲ್ಲಿಂದಲೇ ಕೂಗಿ ಬೈಯುತ್ತಿದ್ದಾರೆ. ನಡುನಡುವೆ ಗಾಳಿಗೆ ಬಾಗಿಲು ಕಿರ್ರೆನ್ನುತ್ತದೆ, ಅದಕ್ಕೂ ಒಂದು ಬೈಗುಳ ಬೀಳುತ್ತದೆ. ಬಾಗಿಲಿಗೆ ನಾನಿನ್ನೂ ಎಣ್ಣೆ ಹಾಕಿಲ್ಲ.